ಮರ್ನಾಂಗ್ ಮೊಗ್ಗು

ಅಕ್ಟೋಬರ್ ೧೨, ಭಾನುವಾರ

ಇವತ್ತಿನ ಸಭೆಯಲ್ಲಿ ಡೆಸ್ಮಂಡ್ ಆಡಿದ ಮಾತು ಇನ್ನೂ ಚುಚ್ಚುತ್ತಿದೆ. ನಮ್ಮೂರ ಸ್ಮಶಾನ ಸಮಿತಿಯ ಅಧ್ಯಕ್ಷ ಅವನು. ಅಲ್ಲಿನ ಹಳದಿ ಹೂಗಳಿಗೆಲ್ಲ ನಾಳೆ ಕಳೆನಾಶಕ ಹೊಡೆಸುತ್ತಾನಂತೆ.

"ಅದು ಕಳೆಯಲ್ಲ, ಮರ್ನಾಂಗ್. ಈ ನೆಲದ್ದೇ ಡೇಸಿ," ಎಂದೆ.

"ಕಳೆಗೂ ಇದಕ್ಕೂ ಏನ್ ವ್ಯತ್ಯಾಸ, ಲೀಯಾನ್? ನೀನು ಬರೆಯೋ ಕವಿತೆ ಓದಿದ್ರೆ ಕಾಣ್ಸುತ್ತಾ?"

"ಮಂಡಿಯೂರಿದ್ರೆ ಕಾಣ್ಸುತ್ತೆ. ಇದರ ಹಾಗೇ ಕಾಣೋ ಕಳೆಯ ಮೊಗ್ಗು ನೆಟ್ಟಗಿರುತ್ತೆ. ಇದರದ್ದು ಅರಳೋವರೆಗೂ ತಲೆ ಬಗ್ಗಿಸಿರುತ್ತೆ."

"ಈ ವಯಸ್ಸಲ್ಲಿ ಮಂಡಿಯೂರಿದ್ರೆ ನಿನ್ನ ಎಬ್ಬಿಸೋರ್ಯಾರು?"

ಸಮಿತಿಯೆಲ್ಲ ನಕ್ಕಿತು.

ಸುತ್ತಲ ಬಯಲನ್ನು ಕುರಿಗಳು ಮೇದು, ನೇಗಿಲು ಉತ್ತು ಮುಗಿಸಿದವು. ಸಮಾಧಿಗಳ ನಡುವಿನ ನೆಲವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮರ್ನಾಂಗ್ ಉಳಿದದ್ದು ಅಲ್ಲೇ, ಸತ್ತವರ ಕಾವಲಿನಲ್ಲಿ.

ಫ್ಲಾಸ್ಕನ್ನೂ ಕಂಬಳಿಯನ್ನೂ ಕಾರಿನಲ್ಲಿಟ್ಟಿದ್ದೇನೆ. ನಾಳೆ ಕಳೆನಾಶಕದ ಗಾಡಿ ಬರುವ ಮೊದಲೇ ಅಜ್ಜಿಯ ಸಮಾಧಿಯ ಪಕ್ಕ, ಆ ಹೂಗಳ ನಡುವೆ ಮಂಡಿಯೂರಿರುತ್ತೇನೆ. ಡೆಸ್ಮಂಡನೇ ಬಂದು ಎಬ್ಬಿಸಲಿ, ನೋಡೋಣ.