ಗುಡ್ಡ ದಾಟಿದ ಮೇಲೆ ಓದುವ ಕಾಗದ

ಬೇಸ್ ಕ್ಯಾಂಪ್, ಮನಾಲಿ
28 ಮೇ 1998

ಪ್ರೀತಿಯ ಮಾಬೂ,

ನಿನ್ನ ನಿಮ್ಮಿಯ ನೆನಪುಗಳು. ಈ ಕಾಗದ ನಿನ್ನ ಕೈ ಸೇರಿದೆ ಎಂದರೆ ನೀನು ಹಿಮದ ನೆತ್ತಿ ಹತ್ತಿ, ಆಚೆ ಮಗ್ಗುಲಿನ ಕ್ಯಾಂಪಿಗೆ ಇಳಿದಿದ್ದೀಯ. ಅಲ್ಲಿಗೆ ಜೀಪಿನಲ್ಲಿ ಅಕ್ಕಿ ಬೇಳೆ ಒಯ್ಯುವ ಅಡುಗೆಯವನ ಹತ್ತಿರ ಕೊಟ್ಟು ಕಳಿಸಿದ್ದೇನೆ. ಮಾಬೂಬೀ ಎನ್ನುವ ಹೆಂಗಸು ಗುಡ್ಡ ಇಳಿದು ಬಂದ ಮೇಲೆ ಕೊಡು, ಅದಕ್ಕೂ ಮೊದಲು ಕೊಡಬೇಡ ಎಂದು ನನ್ನ ಹರಕು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳಿದೆ. ಮೊದಲು ಬೂಟು ಬಿಚ್ಚಿ ಚಹಾ ಕುಡಿ. ಆಮೇಲೆ ಓದು.

ನನ್ನ ಚಿಂತೆ ಬೇಡ. ತಲೆನೋವು ಹೋಗಿದೆ, ಉಸಿರು ಸರಾಗವಾಗಿದೆ. ಬೆಳಿಗ್ಗೆ ಚೀಲದಿಂದ ಮಂಡಕ್ಕಿ ತೆಗೆದು ಖಾರ ಹಚ್ಚಿದೆ. ಪಕ್ಕದ ಡೇರೆಯ ಬಂಗಾಳಿ ಹೆಂಗಸರೂ ಕೈ ಹಾಕಿದರು. ಅವರ ಕಡೆಯೂ ಮಂಡಕ್ಕಿ ಇದೆಯಂತೆ. ದಾವಣಗೆರೆ ಬಿಟ್ಟರೆ ಇಲ್ಲ ಎಂದು ನಾವು ಇಷ್ಟು ದಿನ ಸುಮ್ಮನೆ ಮೆರೆದೆವು ನೋಡು.

ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಹರಿಹರದ ಹೈಸ್ಕೂಲಿನಿಂದ ನಾವಿಬ್ಬರೂ ಜಗಳವಾಡಿಯೇ ಪ್ರೀತಿ ತೋರಿಸಿದವರು. ಅದಕ್ಕೇ ಬರೆಯುತ್ತಿದ್ದೇನೆ.

ಮೇಲಿನ ಕ್ಯಾಂಪಿನಲ್ಲಿ ನನ್ನ ತಲೆ ಸಿಡಿಯುತ್ತಿತ್ತು, ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಎಲ್ಲ ಬೇನೆಗೂ ಒಂದೇ ಹೆಸರು, ಪಿತ್ತ. ನಾನೂ ಹಾಗೇ ಅಂದುಕೊಂಡು ಜೀರಿಗೆ ಅಗಿದೆ, ನಿಂಬೆ ಉಪ್ಪಿನಕಾಯಿ ಚೀಪಿದೆ, ತಂಡದ ಲೀಡರಿಗೆ ಹೇಳಬೇಡ ಎಂದು ನಿನ್ನ ಬಾಯಿ ಮುಚ್ಚಿಸಿದೆ. ನೀನು ನನ್ನ ಮುಖ ನೋಡಿ, ‘ಲೇ ನಿಮ್ಮಿ, ಪಿತ್ತಕ್ಕೆ ತುಟಿ ನೀಲಿ ಆಗ್ತಾವೇನೆ? ನೀ ಬೈದ್ರೆ ಬೈಕೋ, ನಾ ಹೇಳಾಕಿನೇ’ ಎಂದು ಎದ್ದು ಹೋದೆ. ಲೀಡರು ಕೆಳಗಿಳಿಯಿರಿ ಎಂದಾಗ ನಾನು ನಿನ್ನನ್ನು ಚಾಡಿಕೋರಿ ಎಂದೆ, ಎಲ್ಲರೆದುರಿಗೆ. ಇಲ್ಲಿ ಡಾಕ್ಟರು ಎತ್ತರದ ಗಾಳಿಗೆ ಎದೆಯಲ್ಲಿ ನೀರು ತುಂಬುತ್ತಿತ್ತು, ಇನ್ನೊಂದು ರಾತ್ರಿ ಮೇಲಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು. ನಾನು ಬದುಕಿರುವುದು ನಿನ್ನಿಂದ, ಮಾಬೂ.

ಅದಕ್ಕಿಂತ ನನ್ನನ್ನು ಸುಟ್ಟದ್ದು ಬೇರೆ. ನನ್ನ ಕೈ ಹಿಡಿದು ನೀನೂ ಇಳಿದುಬಿಟ್ಟೆಯಲ್ಲ. ನಮ್ಮ ಜೊತೆ ಬಂದಿದ್ದ ಓಬವ್ವ ಮುಂದೆ ಹೋಗಿ ನೆತ್ತಿ ನೋಡಿಕೊಂಡು, ತಾನು ಕಲಿಸುವ ಶಾಲೆ ಶುರುವಾಗುತ್ತದೆಂದು ಊರಿನ ರೈಲು ಹತ್ತಿದಳು. ಅವಳ ತಪ್ಪೇನಿಲ್ಲ. ಆದರೆ ಈ ತಿರುಗಾಟ ಹುಟ್ಟಿದ್ದೇ ನಿನ್ನ ಬಾಯಿಂದ. ಪಿ.ಜೆ. ಬಡಾವಣೆಯ ನಮ್ಮ ಮನೆ ಕಟ್ಟೆಯ ಮೇಲೆ ಕೂತು, ‘ಮಷಿನ್ ಮುಂದೆ ಬಗ್ಗಿ ಬಗ್ಗಿ ಮಂದಿ ಜಂಪರ್ ಹೊಲ್ದು ನನ್ ಕುತ್ತಿಗೇನೇ ನೆಲ ನೋಡಾಕತ್ತೈತೆ. ಸಾಯೋದ್ರಾಗೆ ಒಂದ್ಸಲ ಮ್ಯಾಲೆ ನಿಂತು ಕೆಳಗೆ ನೋಡ್ಬೇಕು’ ಎಂದವಳು ನೀನು. ಮೂವರ ಬೆನ್ನಿನ ಚೀಲವನ್ನೂ ಕ್ಯಾನ್ವಾಸಿನಲ್ಲಿ ಹೊಲಿದವಳು ನೀನು. ಇನ್ನೇನು ಒಂದು ದಿನದ ನಡಿಗೆ ಇದೆ ಎನ್ನುವಾಗ ನೆತ್ತಿಗೆ ಬೆನ್ನು ಹಾಕಿದೆ. ಇಳಿಯುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಲೀಡರಿನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಗೋಗರೆದು ಮುಂದಿನ ತಂಡದಲ್ಲಿ ನಿನಗೆ ಜಾಗ ಮಾಡಿಸಿದೆ. ಅವರು ಒಪ್ಪಿದರು, ನೀನು ಒಪ್ಪಬೇಕಲ್ಲ. ‘ಹಾಸಿಗೆ ಹಿಡ್ದಾಕಿನ ಒಬ್ಬಾಕಿನ್ನೇ ಬಿಟ್ಟು ಗುಡ್ಡ ಹತ್ತಿದ್ರೆ ಅಲ್ಲಾ ಮೆಚ್ತಾನೇನು?’ ಎಂದು ಹಟ ಹಿಡಿದೆ. ನಮ್ಮ ಯಜಮಾನರು ಊರಿನಿಂದ ಹೊರಡುತ್ತಿದ್ದಾರೆ, ನನ್ನ ಜೊತೆ ಇರುತ್ತಾರೆ ಎಂದು ನಾನು ಫೋನ್ ಮಾಡಿ ಬೂತಿನಿಂದ ಹೊರಬಂದು ಹೇಳಿದ ಮೇಲೇ ನೀನು ಬೂಟು ಕಟ್ಟಿದ್ದು. ಹೋಗುವಾಗ ನನ್ನ ಹೊದಿಕೆ ಸರಿಮಾಡಿ, ಊಟ ಬಿಟ್ಟೀಯ ಜೋಕೆ ಎಂದು ಬೈದೆ. ನೀನು ಡೇರೆಯಿಂದ ಆಚೆ ಹೋದ ಮೇಲೆ ನಾನು ಚೆನ್ನಾಗಿ ಅತ್ತೆ, ಸಂತೋಷಕ್ಕೇ ಅತ್ತೆ.

ಈಗ ನೀನು ಬಂದು ಹೇಳಬೇಕು. ಮೇಲೆ ಹೇಗಿತ್ತು? ನಿಂತು ಕೆಳಗೆ ನೋಡಿದೆಯಾ? ಪಾಪ, ನಿಮ್ಮಿ ನೋಡಲಿಲ್ಲ ಎಂದು ಕಡಿಮೆ ಮಾಡಿ ಹೇಳಬೇಡ. ನನಗೆ ಹೊಟ್ಟೆಕಿಚ್ಚಾದರೆ ಆಗಲಿ.

ನಿನ್ನಿಂದ ಉಳಿದುಕೊಂಡ,
ನಿರ್ಮಲಮ್ಮ

ತಾ.ಕ.: ಇಲ್ಲಿಗೆ ಬಂದು ನಮ್ಮ ಯಜಮಾನರು ಎಲ್ಲಿ ಎಂದು ಹುಡುಕಬೇಡ. ಅವರು ದಾವಣಗೆರೆಯಲ್ಲಿ ಅಂಗಡಿಯ ಗಲ್ಲಾದ ಮೇಲೆ ಕೂತಿದ್ದಾರೆ. ನನಗೆ ಮೈ ಸರಿಯಿಲ್ಲದ್ದೇ ಅವರಿಗೆ ಗೊತ್ತಿಲ್ಲ. ಅವತ್ತು ಎಸ್‌ಟಿಡಿ ಬೂತಿನ ಗಾಜಿನಾಚೆ ನೀನು ನಿಂತು ನೋಡುತ್ತಿದ್ದೆಯಲ್ಲ, ಲೈನೇ ಸಿಕ್ಕಿರಲಿಲ್ಲ. ಕುಂಯ್ ಎನ್ನುವ ಫೋನಿಗೆ, ‘ಹೂಂ ರೀ, ಬರ್ರಿ, ಸ್ವೆಟರ್ ಮರೀಬ್ಯಾಡ್ರಿ’ ಎಂದು ಹೇಳಿ ಇಟ್ಟೆ. ಸಿಟ್ಟು ಬಂದರೆ ಬಂದು ನನಗೆ ಎರಡು ಬಿಡು. ಆದರೆ ಹತ್ತಿ ನೋಡಿದ ನೆತ್ತಿಯನ್ನು ನನಗೋಸ್ಕರ ಇನ್ನೊಮ್ಮೆ ಬಿಟ್ಟುಕೊಡಲು ಈಗ ನಿನ್ನಿಂದ ಆಗುವುದಿಲ್ಲ.