ಐದೇ ಕುರ್ಚಿ

ಮಾರ್ಚ್ ೧೪, ಶನಿವಾರ.

ತೀರಿಹೋದ ಅಮ್ಮನನ್ನು ನೆನೆಯಲು ಇವತ್ತು ನೆಂಟರೆಲ್ಲ ಸೇರಿದ್ದರು. ಒಬ್ಬರಾದ ಮೇಲೊಬ್ಬರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಅಪ್ಪ ಎದೆಯುಬ್ಬಿಸಿ, "ನಲವತ್ತು ವರ್ಷ ಒಂದು ದಿನಾನೂ ಅವಳು ಕೂತು ಉಣ್ಲಿಲ್ಲ. ಅಂಥ ಹೆಂಡ್ತಿ ಯಾರಿಗಿದಾಳೆ ಹೇಳಿ!" ಅಂದರು. ಎಲ್ಲರೂ ತಲೆದೂಗಿದರು.

ನನ್ನ ಮಗಳು ಊಟದ ಮೇಜಿನತ್ತ ನೋಡಿ, "ತಾತ, ಕುರ್ಚಿ ಇರೋದೇ ಐದು, ನಾವೇ ಐದು ಜನ. ಅಜ್ಜಿ ಎಲ್ಲಿ ಕೂರ್ಬೇಕಿತ್ತು?" ಅಂದಳು.

"ಸುಮ್ನಿರೇ, ತಲೆಹರಟೆ" ಎಂದು ಗದರಿದವನು ನಾನು. ಆ ಮೇಜು ಕೊಂಡುತಂದವನೂ ನಾನೇ. "ಆರನೇದು ಯಾಕೋ, ನಾನು ಬಡಿಸೋಳು" ಅಂದಿದ್ದಳು ಅಮ್ಮ. ನನಗೂ ಸರಿಯೆನಿಸಿತ್ತು.

ಇವತ್ತು ಅವಳ ಫೋಟೋ ಇಡಲು ಒಂದು ಕುರ್ಚಿ ಬಿಟ್ಟುಕೊಟ್ಟಿದ್ದೆವು. ಊಟದ ಹೊತ್ತಿಗೆ ಅಪ್ಪ ಫೋಟೋ ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಥೂ, ನಾನು ಆ ಕುರ್ಚಿಯಲ್ಲೇ ಕೂತು ಹೊಟ್ಟೆತುಂಬ ಉಂಡೆ.