ಹೆಂಗಸರ ಕಡೆಯ ಮಿಕ್ಸಿಂಗ್

ಲಕ್ಷ್ಮೇಶ್ವರ
೭ ಫೆಬ್ರವರಿ ೨೦೦೭, ಬುಧವಾರ

ಪ್ರೀತಿಯ ತಂಗಿ ರುಹಿಗೆ,

ನಿನ್ನ ಆಪಾ ನಸ್ರೀನಳ ಸಲಾಂ ಮತ್ತು ದುವಾ. ನಿನ್ನ ಪತ್ರ ಬಂದು ಎಷ್ಟು ದಿನವಾಯಿತೆಂದು ಹೇಳಿಕೊಳ್ಳಲು ನನಗೇ ನಾಚಿಕೆ. ತಂಗಿಯನ್ನು ಮುಂಡರಗಿಗೆ ಕೊಟ್ಟು ಕೈ ತೊಳೆದುಕೊಂಡಳು ಎಂದು ಬೈದುಕೊಂಡಿರುತ್ತೀ. ಬೈದುಕೋ, ಪರವಾಗಿಲ್ಲ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಪಡಸಾಲೆಯಲ್ಲಿದೆ, ನೀನು ಬರೀ "ಹೂಂ" ಎಂದರೂ ನಿನ್ನ ಅತ್ತೆಗೆ ಅರ್ಧ ಕಥೆ ಗೊತ್ತಾಗುತ್ತದೆ. ಇದನ್ನು ಓದಿ ಒಲೆಗೆ ಹಾಕಿಬಿಡು.

ಅಮ್ಮಿಯ ಮೊಣಕಾಲು ನೋವು ಹಾಗೆಯೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಮ್ಮ ಮಾವ ಮಹಬೂಬಸಾಬರು ಮಾತು ಬಹಳ ಕಡಿಮೆ ಮಾಡಿದ್ದಾರೆ. ರಂಜಾನ್ ಮುಗಿದ ಮೇಲೆ ನಮ್ಮ ಅತ್ತೆ ತೀರಿಕೊಂಡರಲ್ಲ, ಆವಾಗಿನಿಂದ ಹೀಗೇ. ಅತ್ತೆ ಇದ್ದಾಗ ಬೆಳಗಿನ ಚಹಾದಿಂದ ಶುರುವಾಗಿ ಮಲಗುವ ತನಕ ಇಬ್ಬರದೂ ಜಗಳವೇ. ಈಗ ಸಾರಿಗೆ ಉಪ್ಪು ಹಾಕುವುದನ್ನು ಮರೆತರೂ ಸುಮ್ಮನೆ ಉಂಡು ಏಳುತ್ತಾರೆ.

ಇರಲಿ, ನಾನು ಬರೆಯಲು ಕೂತದ್ದು ನಮ್ಮ ಕಂಪ್ಯೂಟರಿನ ವಿಷಯ. ಅದೇ, ನಾನು ಮದುವೆಗಳ ಮಿಕ್ಸಿಂಗ್ ಮಾಡುವ ಡಬ್ಬಿ. ಶೂಟಿಂಗ್ ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಅದಕ್ಕೂ ಮುಪ್ಪು ಬಂತು. ಮದುಮಗಳ ಮುಖ ಗುಲಾಬಿ ಹೂವಿನೊಳಗಿಂದ ಮೂಡಿ ಬರಬೇಕು ಎನ್ನುತ್ತಾರೆ ಜನ. ಗುಂಡಿ ಒತ್ತಿ ಹೋಗಿ ರೊಟ್ಟಿ ಬಡಿದು ಬಂದರೂ ಮೂಗಿನ ತನಕ ಬಂದು ನಿಂತಿರುತ್ತದೆ. ಮೊಹರಂ ತಿಂಗಳು, ನಮ್ಮವರಲ್ಲಿ ಮದುವೆ ಇಲ್ಲ, ಈಗಲೇ ಏನಾದರೂ ಮಾಡಬೇಕು ಎಂದು ಗದಗದಿಂದ ಕಳಕೇಶನನ್ನು ಕರೆಸಿದೆ. ನಮ್ಮ ಕಂಪ್ಯೂಟರ್ ರಿಪೇರಿ ಮೊದಲಿನಿಂದಲೂ ಅವನದೇ.

ಅವನು ಎರಡು ದಾರಿ ಹೇಳಿದ. ಮೆಮೊರಿ ಹೆಚ್ಚಿಸಿ, ತುಂಬಿಹೋದ ಹಾರ್ಡ್‌ಡಿಸ್ಕನ್ನು ಪೂರ್ತಿ ಅಳಿಸಿದರೆ ಇನ್ನೊಂದು ವರ್ಷ ಎಳೆದೀತು. ಇಲ್ಲವೆಂದರೆ ಡಬ್ಬಿಯನ್ನು ಹಾರ್ಡ್‌ಡಿಸ್ಕ್ ಸಮೇತ ಅವನಿಗೆ ಕೊಟ್ಟು ಹೊಸದು ತರಿಸಿಕೊಳ್ಳುವುದು. ಆ "ಸಮೇತ" ಕೇಳಿದ್ದೇ ನನ್ನ ಕಿವಿ ನೆಟ್ಟಗಾದವು. ಯಾಕಪ್ಪಾ ಸಮೇತ?

ನಿನಗೆ ಗೊತ್ತಲ್ಲ ನಮ್ಮ ಕೆಲಸದ ರೀತಿ. ಗಂಡಸರ ಕಡೆಯ ಶೂಟಿಂಗ್ ನಿನ್ನ ಭಾವನದು, ಹೆಂಗಸರ ಕಡೆಯದು ನನ್ನದು. ಶಿರಹಟ್ಟಿಯಿಂದ, ಶಿಗ್ಲಿಯಿಂದ ಮಂದಿ ನನ್ನನ್ನೇ ಹುಡುಕಿಕೊಂಡು ಬರುವುದು ಒಂದೇ ಮಾತಿಗೆ: ಹೆಂಗಸರ ಕಡೆಯ ಟೇಪನ್ನು ಹೊರಗಿನ ಗಂಡಸರು ಯಾರೂ ನೋಡುವುದಿಲ್ಲ. ಮಿಕ್ಸಿಂಗ್ ಮುಗಿಸಿ ಸಿ.ಡಿ. ಕೊಟ್ಟಮೇಲೆ, ಕ್ಯಾಮೆರಾದ ಮುಚ್ಚಳ ತೆಗೆಯದೆ ಅದೇ ಟೇಪನ್ನು ಮತ್ತೆ ರೆಕಾರ್ಡಿಗೆ ಓಡಿಸಿ, ಹಳೆಯದರ ಮೇಲೆಲ್ಲ ಕತ್ತಲು ತುಂಬಿಸಿಬಿಡುತ್ತೇನೆ. ಆ ಟೇಪು ಹಚ್ಚಿದಾಗ ನಿನ್ನ ಭಾವನೂ ಹೊಸ್ತಿಲು ದಾಟುವುದಿಲ್ಲ. ಡಬ್ಬಿಯಲ್ಲಿ ಉಳಿದಿದ್ದು ಕೆಲಸ ಬಾಕಿ ಇದ್ದ ಒಂದಿಷ್ಟು ಮದುವೆ, ಮತ್ತೆ ನಿನ್ನದು. ನಿನ್ನದನ್ನು ಅಳಿಸಲು ಕೈ ಬಂದಿರಲಿಲ್ಲ. ಇದು ಹೊರಗೆ ಹೋಯಿತೆಂದರೆ ನನ್ನ ಮಾತೂ ಹೋಯಿತು, ಕೆಲಸವೂ ಹೋಯಿತು.

ಕಳಕೇಶನ ಮೇಲೆ ಅನುಮಾನ ಪಡುತ್ತ ಕೂತಿದ್ದೆ. ಮನೆಯೊಳಗೆ ನೋಡಿದರೆ ಅದಕ್ಕಿಂತ ದೊಡ್ಡದು ಕಾದಿತ್ತು. ನಿನ್ನ ಭಾವನಿಗೆ ಎರಡು ದಾರಿಯೂ ಬೇಡವಂತೆ. ಅಳಿಸುವುದೂ ಬೇಡ, ಕೊಡುವುದೂ ಬೇಡ. "ಹಳೇದು ಮೂಲ್ಯಾಗ ಇರ್ಲಿ ಬಿಡ, ನಿನಗೇನು ಭಾರ ಆಗೇತಿ?" ಎಂದರು. ಸ್ಟೋವಿನ ಪಿನ್ನು ಸವೆದಿದ್ದಕ್ಕೆ ಇಡೀ ಸ್ಟೋವನ್ನೇ ಫಕ್ರುಸಾಬನ ಗುಜರಿ ಅಂಗಡಿಗೆ ಎಸೆದು ಬಂದ ಮನುಷ್ಯ! ಇವರಿಗೆ ಯಾವಾಗಿನಿಂದ ಹಳೆಯದರ ಮೇಲೆ ಇಷ್ಟು ಮಮತೆ?

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಶುಕ್ರವಾರ ಮಧ್ಯಾಹ್ನ ನಾನು ಅಮ್ಮಿಯ ಕಡೆ ಹೋಗುತ್ತೇನಲ್ಲ. ಒಂದು ಸಲ ತಿರುಗಿ ಬಂದು ಡಬ್ಬಿಯ ಮೇಲೆ ಕೈ ಇಟ್ಟರೆ ಬೆಚ್ಚಗಿತ್ತು. ಹೊದಿಸಿದ ಬಟ್ಟೆಯ ಕಸೂತಿ ಗೋಡೆಯ ಕಡೆ ತಿರುಗಿತ್ತು. ಚಾಲೂ ಮಾಡಿದೆ. ನಮ್ಮ ಮಿಕ್ಸಿಂಗ್ ಸಾಫ್ಟ್‌ವೇರು ಕೊನೆಗೆ ನೋಡಿದ ಮದುವೆಯನ್ನೇ ಮೊದಲು ತೋರಿಸುತ್ತದೆ. ನಾನು ಕೊನೆಗೆ ಕೂತದ್ದು ಶಿಗ್ಲಿಯ ಮದುವೆಗೆ. ಅದು ತೋರಿಸಿದ್ದು ನಿನ್ನ ಮದುವೆ, ಅದೂ ಹೆಂಗಸರ ಕಡೆಯದು.

ಕೋಣೆಯಲ್ಲಿ ಅತ್ತರಿನ ವಾಸನೆ ಬೇರೆ. ನಿನ್ನ ಭಾವ ಈದಿನ ದಿನ ಬಿಟ್ಟರೆ ಅತ್ತರು ಮುಟ್ಟುವವರಲ್ಲ. ಯಾರಿಗಾಗಿ ಹಚ್ಚಿಕೊಂಡು ಕೂತಿದ್ದರು ಹೇಳು? ನಿನ್ನ ಮದುವೆಗೆ ಬೆಟಗೇರಿಯಿಂದ ಹಸಿರು ದುಪಟ್ಟಾದ ಗೆಳತಿ ಬಂದಿದ್ದಳಲ್ಲ, ಅವಳ ಮುಖ ನನ್ನ ಕಣ್ಣ ಮುಂದೆ ಬಂದು ನಿಂತಿತು. ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಹುಷಾರಾಗಿಬಿಡುತ್ತಾರೆ.

ಮುಂದಿನ ಶುಕ್ರವಾರ ಡಬ್ಬಿಯ ವಾಯರನ್ನೇ ಕಿತ್ತು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋದೆ. ಅಮ್ಮಿ ಬ್ಯಾಗು ನೋಡಿ, ಇದೇನು ಹಗ್ಗ ತಂದಿದ್ದೀ ಎಂದು ಗಾಬರಿಯಾದಳು. ಬಂದು ನೋಡಿದರೆ ಡಬ್ಬಿ ಮತ್ತೆ ಬಿಸಿ! ಪ್ರಿಂಟರಿನ ವಾಯರು ಹಾಕಿದ್ದಾರೆ ಪುಣ್ಯಾತ್ಮ.

ಇವತ್ತು ಅವರು ಮಾಗಡಿ ಕೆರೆಗೆ ಹೋಗಿದ್ದಾರೆ, ಯಾರಿಗೋ ಪರದೇಶದ ಹಕ್ಕಿಗಳ ಶೂಟಿಂಗ್ ಬೇಕಂತೆ. ಯಾವ ಹಕ್ಕಿಯೋ ಏನೋ! ಅವರ ಗಾಡಿ ಓಣಿ ದಾಟಿದ ಕೂಡಲೇ ಕಳಕೇಶನನ್ನು ಕರೆಸಿದೆ. ಅವನನ್ನು ಹೊಸ್ತಿಲಾಚೆ ಕೂರಿಸಿ, ಅವನು ಹೇಳಿದ ಹಾಗೆ ಗುಂಡಿ ಒತ್ತುತ್ತ ಹೋದೆ. ಕೊನೆಗೆ ಅವನು, "ಅಕ್ಕಾರ, ಒಂದ್ಸಲ ಅಳಿಸಿದ್ರ ನನ್ನ ಕೈಲೆ ಹೊಳ್ಳಿ ತರಾಕ ಆಗೂದಿಲ್ರಿ. ಅಣ್ಣಾರಿಗೆ ಕೇಳೀರೇನ್ರಿ?" ಎಂದ. ಅಣ್ಣಾರ ಸಲುವಾಗಿಯೇ ಅಳಿಸುತ್ತಿದ್ದೇನೆ ಎಂದು ಅವನಿಗೆ ಹೇಗೆ ಹೇಳಲಿ? ಒತ್ತಿದೆ. ನಿನ್ನ ಮದುವೆಯೂ ಹೋಯಿತು, ಬಾಕಿ ಇದ್ದವೂ ಹೋದವು. ಬಾಕಿಯವುಗಳ ಟೇಪು ಟ್ರಂಕಿನಲ್ಲಿವೆ, ಹೊಸದರಲ್ಲಿ ಮತ್ತೆ ಹಾಕಿಕೊಳ್ಳುತ್ತೇನೆ. ನಿನ್ನದರ ಟೇಪಿಗೆ ಕತ್ತಲು ತುಂಬಿಸಿ ಎರಡು ವರ್ಷವಾಯಿತು. ಸಿ.ಡಿ. ನಿನ್ನ ಹತ್ತಿರ ಇದೆಯಲ್ಲ, ಸಾಕು.

ಮಾವ ಕಟ್ಟೆಯ ಮೇಲೆ ಕೂತಿದ್ದರು. ಏನು ನಡೆಸಿದ್ದೀರಿ ಎಂದು ಕೇಳಿದರು. ಹಳೇ ಕಸ ತೆಗೆಯುತ್ತಿದ್ದೇನೆ ಎಂದೆ. "ಛಲೋ ಆತು" ಎಂದರು.

ನಿನ್ನ ಭಾವನಿಗೆ ಹೇಳುವುದಿಲ್ಲ. ಶುಕ್ರವಾರ ಬರಲಿ, ಅತ್ತರು ಹಚ್ಚಿಕೊಂಡು ಕೂರಲಿ, ಖಾಲಿ ಪರದೆ ನೋಡಲಿ. ಶನಿವಾರ ಕಳಕೇಶ ಬಂದು ಹಳೆಯದನ್ನು ಒಯ್ದು ಹೊಸದನ್ನು ಇಡುತ್ತಾನೆ. ಸಮೇತ ಒಯ್ಯಲಿ ಈಗ, ನನಗೇನು!

ನೀನು ಮೈ ಕಡೆ ನೋಡಿಕೋ. ಮನೆಯವರಿಗೆಲ್ಲ ಸಲಾಂ ಹೇಳು, ಮಗುವಿಗೆ ನನ್ನ ಮುತ್ತು. ಅಲ್ಲಾಹ ನಿನ್ನ ಸಂಸಾರಕ್ಕೆ ಬರಕತ್ತು ಕೊಡಲಿ, ನಿನ್ನ ಗಂಡನಿಗೆ ಒಳ್ಳೆಯ ಬುದ್ಧಿ ಕೊಡಲಿ. ಆದರೂ ಒಂದು ಕಣ್ಣು ಇಟ್ಟಿರು.

ನಿನ್ನ ಆಪಾ,
ನಸ್ರೀನ

ತಾ.ಕ.: ಶುಕ್ರವಾರ ಸಂಜೆ.

ಅಂಚೆಗೆ ಹಾಕುವುದು ತಪ್ಪಿ ಈ ಪತ್ರ ಇಲ್ಲೇ ಉಳಿದಿತ್ತು. ಇವತ್ತು ಅಮ್ಮಿಯ ಕಡೆ ಹೊರಟವಳಂತೆ ಮಾಡಿ, ಓಣಿಯ ತುದಿಯಿಂದ ತಿರುಗಿ ಬಂದೆ. ಕೋಣೆಯ ಬಾಗಿಲನ್ನು ಅಗುಳಿ ಹಾಕದೆ ಮುಂದೆ ಮಾಡಿದ್ದರು. ತಳ್ಳಿದೆ. ನಿನ್ನ ಭಾವ ಬಗ್ಗಿ ವಾಯರು ಅಲುಗಾಡಿಸಿ ನೋಡುತ್ತಿದ್ದರು. ನನ್ನ ಕುರ್ಚಿಯ ಮೇಲೆ ಮಾವ ಕೂತಿದ್ದರು. ನಮಾಜು ಮುಗಿಸಿ ಬಂದ ಬಿಳಿ ಅಂಗಿ, ತಲೆಗೆ ಟೋಪಿ. ಅತ್ತರು ಅವರದು.

ನಿನ್ನ ಮದುವೆಯಲ್ಲಿ ಅತ್ತೆ ಒಬ್ಬರೇ ಒಂದು ಮೂಲೆಯಲ್ಲಿ ಕೂತು ಎಲೆ ಅಡಿಕೆ ಕಟ್ಟುತ್ತಿದ್ದಾಗ ನಾನು ಕ್ಯಾಮೆರಾ ತಿರುಗಿಸಿದ್ದೆ. "ಬಂದ್ ಮಾಡಲೇ ಹುಚ್ಚಿ, ನನ್ನ ಮಾರಿ ಯಾರ ನೋಡಬೇಕಾಗೇತಿ?" ಎಂದು ಬೈದು, ಆಮೇಲೆ ನಕ್ಕಿದ್ದರು. ಸಿ.ಡಿ.ಯಲ್ಲಿ ತಾವು ಎಲ್ಲಿಯೂ ಇರಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಅವರ ಫೋಟೋ ಎಂದು ಮನೆಯಲ್ಲಿ ಇರುವುದು ಮತದಾರರ ಚೀಟಿಯದು ಒಂದೇ, ಅದರಲ್ಲಿ ಯಾರೆಂದು ನನಗೇ ಗುರುತು ಸಿಗುವುದಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಆ ತುಣುಕನ್ನು ನಿನ್ನ ಭಾವ ಹುಡುಕಿ ತೆಗೆದು, ಅಷ್ಟನ್ನೇ ಅಪ್ಪನಿಗೆ ತೋರಿಸುತ್ತಿದ್ದರಂತೆ. ನನಗೆ ಹೇಳಬೇಡ ಎಂದವರು ಮಾವನೇ. ಸೊಸಿ ಕೊಟ್ಟ ಮಾತು ತಪ್ಪದಾಕಿ, ತಿಳಿದರ ಅಳಿಸಿಬಿಡತಾಳ, ಎಂದಿದ್ದರಂತೆ.

ನಾನು ಅಳಿಸಿದ್ದೇನೆಂದು ಹೇಳಿದೆ. ಹೇಳದೆ ಏನು ಮಾಡಲಿ ರುಹಿ? ನಿನ್ನ ಭಾವ ನನ್ನ ಮುಖ ನೋಡದೆ ಎದ್ದು ಹೊರಗೆ ಹೋದರು. ಮಾವ ಸಿಟ್ಟು ಮಾಡಲಿಲ್ಲ. "ಬೈಯೂದು ಕೇಳಾಕ ಬರತಿದ್ನವಾ. ಮನ್ಯಾಗ ಈಗ ನನ್ನ ಬೈಯವರು ಯಾರದಾರ?" ಎಂದರು.

ಕಳಕೇಶನಿಗೆ ಫೋನು ಮಾಡಿ ಅಳುತ್ತ ಕೇಳಿದೆ. ಹುಬ್ಬಳ್ಳಿಯಲ್ಲಿ ಯಾರೋ ಅಳಿಸಿದ್ದನ್ನೂ ತೆಗೆದುಕೊಡುತ್ತಾರಂತೆ. ಆದರೆ ಅವರು ಎಲ್ಲವನ್ನೂ ತೆರೆದು ನೋಡಬೇಕಾಗುತ್ತದಂತೆ. ಕಳಿಸಿಬಿಡುತ್ತೇನೆ, ನನ್ನ ಮಾತು ಹಾಳಾಗಿ ಹೋಗಲಿ ಎಂದೆ. ಮಾವ ಬೇಡವೆಂದರು. "ಒಬ್ಬಾಕಿ ಮಾರಿ ಸಲುವಾಗಿ ಊರ ಹೆಣ್ಮಕ್ಕಳ ಮಾರಿ ತೋರಸ್ತೀಯೇನು?"

ನಾಳೆ ಕಳಕೇಶನಿಗೆ ಬರಬೇಡ ಎಂದು ಹೇಳಿದ್ದೇನೆ. ಡಬ್ಬಿ ಮೂಲೆಯಲ್ಲೇ ಇದೆ.

ರುಹಿ, ನಿನ್ನ ಸಿ.ಡಿ. ಹಾಕಿ ಒಬ್ಬಳೇ ಕೂತು ನೋಡು. ಅತ್ತೆಯ ಮುಖ ಸಿಗುವುದಿಲ್ಲ, ಅದನ್ನು ನಾನು ಚೆನ್ನಾಗಿ ಕತ್ತರಿಸಿದ್ದೇನೆ. ಆದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಹಿಂದಿನ ಗದ್ದಲ ಸ್ವಲ್ಪ ಉಳಿದಿರುತ್ತದೆ. ಅಲ್ಲಿ ಎಲ್ಲಾದರೂ ಅತ್ತೆ ನನ್ನನ್ನು ಬೈಯುವುದು ಕೇಳುತ್ತದೆಯೇ, ಕಿವಿಗೊಟ್ಟು ನೋಡು. ಕೇಳಿದರೆ ಬರುವ ಶುಕ್ರವಾರದೊಳಗೆ ಆ ಸಿ.ಡಿ.ಯನ್ನು ಯಾರ ಕೈಯಲ್ಲಾದರೂ ಕಳಿಸು.